ಮನೆಗೊಂದು ವೆಲ್ಡಿಂಗ್ ಮೆಷಿನ್ ತಂದ ಕಥೆ

ತೋಟದ ಗೇಟಿನ ಮೇಲಿನ ಕೀಲು ಕಿತ್ತುಹೋಗಿದ್ದು ಮಾರ್ಚ್ ಕೊನೆಯ ವಾರದಲ್ಲಿ. ಮೊದಲು ಅಲ್ಲಿ ಬಿದಿರಿನ ದಣಪೆ ಇತ್ತು. ಐದು ವರ್ಷದ ಹಿಂದೆ ಅದನ್ನು ತೆಗೆದು ಕಬ್ಬಿಣದ ಗೇಟು ಹಾಕಿಸಿದ್ದೆವು. ಪಿಕಪ್ ಗಾಡಿ ರಿವರ್ಸ್ ಬರುವಾಗ ಸ್ವಲ್ಪ ತಾಗಿತು ಅಷ್ಟೆ, ಬೆಸುಗೆ ಬಿಟ್ಟುಕೊಂಡು ಗೇಟು ಒಂದು ಬದಿಗೆ ವಾಲಿ ನಿಂತಿತು. ನಮ್ಮೂರು ಸಾಗರ ಪೇಟೆಯಿಂದ 18 ಕಿಲೋಮೀಟರ್ ದೂರ. ಪೇಟೆಯ ವೆಲ್ಡಿಂಗ್ ಶಾಪಿನ ಮೇಸ್ತ್ರಿಗೆ ಫೋನ್ ಮಾಡಿದೆ. "ಒಂದು ಕೀಲಿಗೋಸ್ಕರ ಗಾಡಿ ಮಾಡ್ಕೊಂಡು ಬರೋದು ಕಷ್ಟ ಮೇಷ್ಟ್ರೇ. ಗೇಟು ಬಿಚ್ಚಿ ತಂದುಬಿಡಿ, ಐದು ನಿಮಿಷದ ಕೆಲಸ" ಅಂದರು. ಅವರ ಮಾತು ಸರಿಯೇ. ಆದರೆ ಹನ್ನೆರಡು ಅಡಿ ಗೇಟು ಬಿಚ್ಚಿ ಹೇರುವುದಕ್ಕೆ ನಾಲ್ಕು ಜನ ಬೇಕು. ಅಷ್ಟರವರೆಗೆ ಊರ ದನಗಳು ತೋಟದೊಳಗೆ ಬಾರದ ಹಾಗೆ ಹಗ್ಗ ಕಟ್ಟಿ ಇಟ್ಟೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ಕಬ್ಬಿಣದ ಕೆಲಸ ಕಲಿಯಬೇಕು ಎಂಬ ಆಸೆ ಬಹಳ ವರ್ಷದ್ದು. ಮರದ ಕೆಲಸ ಸ್ವಲ್ಪ ಬರುತ್ತದೆ. ಉಳಿ, ಗರಗಸ, ಮೂಲೆಮಟ್ಟ ಎಲ್ಲ ಮನೆಯಲ್ಲಿದೆ. ಕಬ್ಬಿಣ ಮಾತ್ರ ಯಾವಾಗಲೂ ಬೇರೆಯವರ ಕೈಯಲ್ಲೇ ಆಗಬೇಕಿತ್ತು. ಆ ಹಗ್ಗ ಕಟ್ಟಿದ ಗೇಟನ್ನು ದಿನಾ ಬಿಚ್ಚಿ ಕಟ್ಟುವಾಗ ಅನಿಸಿತು, ಇನ್ನು ಕಾಯುವುದು ಬೇಡ, ಒಂದು ಸಣ್ಣ ಮೆಷಿನ್ ತಗೊಳ್ಳೋಣ ಅಂತ. ಅದನ್ನು ಆರಿಸಿ ತರುವುದಕ್ಕೆ ಎರಡೂವರೆ ತಿಂಗಳು ಹಿಡಿಯಿತು. ಆ ಎರಡೂವರೆ ತಿಂಗಳಲ್ಲಿ ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಬಿದ್ದಿದ್ದು ಪಕ್ಕದೂರಿನಲ್ಲಿ ಮಾರಾಟಕ್ಕಿದ್ದ ಹಳೇ ಮೆಷಿನ್. ದೊಡ್ಡ ಡಬ್ಬ, ಒಳಗೆ ಎಣ್ಣೆ, ಕೆಳಗೆ ನಾಲ್ಕು ಗಾಲಿ. ತಾಮ್ರದ ವೈಂಡಿಂಗ್ ಇರುವ ಟ್ರಾನ್ಸ್‌ಫಾರ್ಮರ್ ಮೆಷಿನ್ ಅದು. ಇಂಥವು ಕೆಡುವುದೇ ಕಡಿಮೆ. ಕೆಟ್ಟರೂ ಊರಲ್ಲೇ ರಿಪೇರಿ ಮಾಡಬಹುದು. ಬೆಲೆಯೂ ಅಗ್ಗ. ಆದರೆ ಅದು ಎರಡು ಫೇಸಿನ ಮೇಲೆ ನಡೆಯುವಂಥದ್ದು, ನಮ್ಮ ಮನೆಗೆ ಇರುವುದು ಸಿಂಗಲ್ ಫೇಸ್. ಅದನ್ನು ಅಲುಗಾಡಿಸಲು ಇಬ್ಬರು ಬೇಕಾಯಿತು. ನನ್ನ ಗೇಟು ಇರುವುದು ಮನೆಯಿಂದ 50 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಗೆ. ಅಲ್ಲಿಗೆ ಇದನ್ನು ಒಯ್ಯುವುದು ಆಗದ ಮಾತು. ಕೈ ಮುಗಿದು ವಾಪಸ್ ಬಂದೆ.

ಆಮೇಲೆ ಅಣ್ಣನ ಮಗ ರಜೆಗೆ ಬಂದ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. "ಚಿಕ್ಕಪ್ಪ, ಮಿಗ್ ತಗೋ. ಎರಡೇ ದಿನದಲ್ಲಿ ಕೈ ಕೂರುತ್ತೆ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಮಿಗ್‌ನಲ್ಲಿ ತಂತಿ ತಾನೇ ಬರುತ್ತಾ ಇರುತ್ತದೆ, ಕೈಗೆ ಸುಲಭ. ತೆಳು ತಗಡಿಗೂ ಒಳ್ಳೆಯದು. ಆದರೆ ಅದಕ್ಕೆ ಗ್ಯಾಸ್ ಸಿಲಿಂಡರ್ ಬೇಕು, ಸಿಲಿಂಡರ್ ತುಂಬಿಸಲು ಪೇಟೆಗೆ ಹೋಗಬೇಕು. ಬಯಲಲ್ಲಿ ಗಾಳಿ ಬೀಸಿದರೆ ಬೆಸುಗೆಯನ್ನು ಕಾಯುವ ಗ್ಯಾಸೇ ಹಾರಿಹೋಗುತ್ತದೆ. ಗ್ಯಾಸ್ ಬೇಡದ ತಂತಿಯೂ ಸಿಗುತ್ತದೆ, ಹೊಟ್ಟೆಯೊಳಗೆ ಫ್ಲಕ್ಸ್, ಅಂದರೆ ಬೆಸುಗೆಯನ್ನು ಗಾಳಿಯಿಂದ ಕಾಪಾಡುವ ಪುಡಿ, ತುಂಬಿರುವಂಥದ್ದು. ಆದರೆ ಅದು ದುಬಾರಿ, ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಲೇಪ ಹಚ್ಚಿದ ವೆಲ್ಡಿಂಗ್ ರಾಡ್ ಆದರೆ ಸಾಗರದ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುತ್ತದೆ. ತುಕ್ಕು ಪೂರ್ತಿ ಹೋಗದ ಕಬ್ಬಿಣದಲ್ಲೂ ಅದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ನನ್ನ ಕೆಲಸ ಇದ್ದಿದ್ದು ಗೇಟು, ಕಬ್ಬಿಣದ ಆಂಗಲ್ ಪಟ್ಟಿ, ಮುರಿದ ಪಿಕಾಸಿ, ಗಾಡಿಯ ಹುಕ್ಕು. ಹಾಗಾಗಿ ರಾಡಿನ ಮೆಷಿನ್ನೇ ಸೈ ಅಂತ ಗಟ್ಟಿ ಮಾಡಿಕೊಂಡೆ. ಅದರಲ್ಲೂ ಇನ್ವರ್ಟರ್ ಆರ್ಕ್ ಮೆಷಿನ್. ಆರ್ಕ್ ಅಂದರೆ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ಕರೆಂಟಿನ ಉರಿ. ಇನ್ವರ್ಟರ್ ಅಂದರೆ ಮನೆಯ ಬ್ಯಾಟರಿಯದ್ದಲ್ಲ, ಭಾರದ ಟ್ರಾನ್ಸ್‌ಫಾರ್ಮರ್ ಬದಲು ಎಲೆಕ್ಟ್ರಾನಿಕ್ಸಿನಿಂದ ನಡೆಯುವಂಥದ್ದು. ಐದಾರು ಕೆ.ಜಿ. ತೂಕ, ಹೆಗಲಿಗೆ ಹಾಕಿಕೊಂಡು ಹೋಗಬಹುದು.

ರಾಡಿನ ವಿಷಯ ಓದುವಾಗ ಒಂದು ಸಂಗತಿ ತಿಳಿದು ಬಹಳ ಖುಷಿಯಾಯಿತು. ಮೊದಮೊದಲು ಬರೀ ತಂತಿಯಿಂದಲೇ ಬೆಸೆಯುತ್ತಿದ್ದರಂತೆ. ಗಾಳಿ ತಾಗಿ ಬೆಸುಗೆ ಪೊಳ್ಳಾಗುತ್ತಿತ್ತು. ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ ಎಂಬವರು ತಂತಿಗೆ ಖನಿಜಗಳ ಲೇಪ ಹಚ್ಚಿ ನೋಡಿದರು. ಆ ಲೇಪ ಉರಿದು ಹೊಗೆಯಾಗಿ ಕರಗಿದ ಲೋಹದ ಸುತ್ತ ಬೇಲಿ ಕಟ್ಟುತ್ತದೆ, ಉಳಿದದ್ದು ಸ್ಲ್ಯಾಗ್ ಆಗಿ ಮೇಲೆ ಹೊದಿಕೆ ಹಾಕುತ್ತದೆ. ಅವರು 1904ರಲ್ಲಿ ಕಟ್ಟಿದ ಕಂಪನಿಯೇ ಈಸಾಬ್. ನಮ್ಮ ಪೇಟೆಯ ಅಂಗಡಿಯಲ್ಲಿ ಆ ಹೆಸರಿನ ರಾಡ್ ಪ್ಯಾಕೆಟ್ ಇವತ್ತಿಗೂ ಅಡಾರ್ ಎಂಬ ಇನ್ನೊಂದು ಕಂಪನಿಯ ಪ್ಯಾಕೆಟ್ಟಿನ ಪಕ್ಕದಲ್ಲಿ ಕೂತಿರುತ್ತದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ರಾಡ್ ತಗೊಂಡು ಹೋಗಿ ತೋರಿಸಿದೆ.

ಮೆಷಿನ್ ಆರಿಸುವ ಮೊದಲು ಮನೆಯ ಕರೆಂಟ್ ನೋಡಬೇಕು ಅಂತ ಹೇಳಿಕೊಟ್ಟವರು ನಮ್ಮೂರಿನ ಎಲೆಕ್ಟ್ರಿಷಿಯನ್. ನಾನು ಪವರ್ ಪ್ಲಗ್ ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಅವರು ಜಗಲಿಯ ಸ್ವಿಚ್ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ತಟ್ಟೆ ಮುಂದಕ್ಕೆ ಎಳೆದರು. ಹಿಂದೆ ದಪ್ಪ ಸಾಕೆಟ್ಟಿಗೆ ಬಂದಿದ್ದು ಸಪೂರ ವೈರ್. ಟಾರ್ಚ್ ಹಿಡಿದು ತೋರಿಸಿದರು. ಕೆಂಪು ವೈರಿನ ತುದಿಯಲ್ಲಿ ಅರ್ಧ ಇಂಚು ಕಂದು ತಿರುಗಿತ್ತು. ಉಗುರು ತಾಗಿಸಿದರೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಚೂರಾಯಿತು. "ವೈರಿನ ದಪ್ಪ ಒಂದೂವರೆ ಸ್ಕ್ವೇರ್ ಎಂಎಂ. ಇದ್ರಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದ್ದೇ ಹೆಚ್ಚು ಮೇಷ್ಟ್ರೇ. ವೆಲ್ಡಿಂಗ್ ಮೆಷಿನ್ ಹಾಕಿದ್ರೆ ಗೋಡೆಯೊಳಗೇ ಉರಿಯುತ್ತೆ" ಅಂದರು. ಸಾಕೆಟ್ಟಿನ ಮೇಲೆ 16 ಆಂಪ್ ಅಂತ ಬರೆದಿದ್ದರೆ ಅದು ಸಾಕೆಟ್ಟಿನ ತಾಕತ್ತು. ಹಿಂದಿನ ವೈರಿನದ್ದು ಬೇರೆಯೇ. ನಿಮ್ಮ ಮನೆಯಲ್ಲೂ ಒಮ್ಮೆ ಬಿಚ್ಚಿಸಿ ನೋಡಿ.

ಆವತ್ತೇ ಅರ್ಥಿಂಗ್ ಕೂಡ ನೋಡಿದರು. ಫೇಸಿಗೂ ಅರ್ಥಿಗೂ ನಡುವೆ ಬಲ್ಬ್ ಹಿಡಿದರೆ ಮಂಕಾಗಿ ಉರಿಯಿತು, ಅಂದರೆ ಅರ್ಥಿಂಗ್ ಸರಿಯಿಲ್ಲ. ಹಿತ್ತಿಲಿನ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು, ಇದ್ದಿಲು ಹಾಕಿ ಹೊಸದಾಗಿ ಮಾಡಿದರು. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಬೇಕು ಅಂತ ಅಮ್ಮನಿಗೆ ಹೇಳಿ ಹೋದರು. ಅಮ್ಮ ಈಗ ತುಳಸಿಗೆ ನೀರು ಹಾಕುವಾಗ ಅದಕ್ಕೂ ಹಾಕುತ್ತಾರೆ.

ಆಮೇಲೆ ವೋಲ್ಟೇಜ್. ಶಾಲೆಯ ಲ್ಯಾಬಿನಲ್ಲಿ ಬಳಸುವಂಥದ್ದೇ ಒಂದು ಮೀಟರ್ ನನ್ನ ಹತ್ತಿರ ಇದೆ. ಎಂಟು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬರೆದಿಟ್ಟೆ. ಬೆಳಗ್ಗೆ ಏಳಕ್ಕೆ ಹೆಚ್ಚುಕಡಿಮೆ 226 ವೋಲ್ಟ್. ಸಂಜೆ ಏಳಕ್ಕೆ ಊರೆಲ್ಲ ದೀಪ, ಟಿವಿ, ಮಿಕ್ಸಿ ಹಾಕಿದಾಗ 184. ಒಂದು ದಿನ 178ಕ್ಕೂ ಇಳಿಯಿತು.

ಈ ಎರಡು ಸಂಖ್ಯೆ ಕೈಯಲ್ಲಿದ್ದ ಮೇಲೆ ಲೆಕ್ಕ ಹಾಕಲು ಕೂತೆ. ಮೆಷಿನ್ ಕಂಪನಿಗಳು ರೇಟಿಂಗ್ ಹಾಕುವಾಗ ಬಳಸುವ ಒಂದು ಸೂತ್ರ ಇದೆ. ಆಂಪನ್ನು 0.04ರಿಂದ ಗುಣಿಸಿ 20 ಸೇರಿಸಿದರೆ ಆರ್ಕಿನ ವೋಲ್ಟೇಜ್. 2.5 ಮಿ.ಮೀ. ರಾಡಿಗೆ 80 ಆಂಪ್ ಇಟ್ಟರೆ 23.2 ವೋಲ್ಟ್ ಆಯಿತು. ಎರಡನ್ನೂ ಗುಣಿಸಿದರೆ ಸುಮಾರು 1,860 ವ್ಯಾಟ್. ಮೆಷಿನ್ನಿನೊಳಗೆ ಸ್ವಲ್ಪ ಬಿಸಿಯಾಗಿ ಹೋಗುತ್ತದೆ, ಅದಕ್ಕೆ ಶೇ. 15 ಬಿಡೋಣ. ಗೋಡೆಯಿಂದ 2,200 ವ್ಯಾಟ್ ಹತ್ತಿರ ಬೇಕು. ಅಗ್ಗದ ಇನ್ವರ್ಟರ್ ಮೆಷಿನ್ನಿನ ಪವರ್ ಫ್ಯಾಕ್ಟರ್, ಅಂದರೆ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.7ರ ಆಸುಪಾಸು. ಅದನ್ನೂ ಸೇರಿಸಿದರೆ 230 ವೋಲ್ಟಿನಲ್ಲಿ ಸುಮಾರು ಹದಿನಾಲ್ಕು ಆಂಪ್ ಎಳೆಯುತ್ತದೆ. ಅದೇ ಕೆಲಸ ಸಂಜೆ 184 ವೋಲ್ಟಿನಲ್ಲಿ ಮಾಡಿದರೆ ಹದಿನೇಳು. ವೋಲ್ಟೇಜ್ ಇಳಿದಷ್ಟೂ ಮೆಷಿನ್ ಜಾಸ್ತಿ ಆಂಪ್ ಎಳೆಯುತ್ತದೆ, ವೈರ್ ಜಾಸ್ತಿ ಬಿಸಿಯಾಗುತ್ತದೆ. ಹೆಚ್ಚು ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್, ಎಂಸಿಬಿ, ಬೀಳುವುದು ಇದೇ ಕಾರಣಕ್ಕೆ.

ಈ ಲೆಕ್ಕವನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುವ 200 ಆಂಪಿಗೆ ಹಾಕಿ ನೋಡಿದೆ. ಗೋಡೆಯಿಂದ 40 ಆಂಪ್ ದಾಟಿತು! ನಮ್ಮ ಮನೆಯಲ್ಲಿ ಅಷ್ಟು ಎಳೆಯಲು ಸಾಧ್ಯವೇ ಇಲ್ಲ. ಮನೆಯ ಮೈನ್ ಸ್ವಿಚ್ಚೇ 32 ಆಂಪಿನದ್ದು. ಅಂದರೆ ನಾನು 200, 250, 300 ಅಂತ ಸಂಖ್ಯೆ ಹೋಲಿಸುತ್ತಾ ಒಂದು ತಿಂಗಳು ಕಳೆದಿದ್ದು ನನ್ನ ಕೆಲಸಕ್ಕೆ ಬಾರದ ಹೋಲಿಕೆ. ನನ್ನ ಮನೆಯಲ್ಲಿ ರಾಡಿನ ತುದಿಗೆ ನಿಜವಾಗಿ ಸಿಗುವುದು 80ರಿಂದ 100 ಆಂಪ್. ಆ 80–100 ಆಂಪನ್ನು ಕಡಿಮೆ ವೋಲ್ಟೇಜಿನಲ್ಲೂ ಒಂದೇ ಸಮನೆ, ಬಿಸಿಯಾಗದೆ ಕೊಡುವ ಮೆಷಿನ್ ಯಾವುದು? ಪ್ರಶ್ನೆ ಹೀಗೆ ಬದಲಾದ ಮೇಲೆ ಆಯ್ಕೆ ಬಹಳ ಸುಲಭವಾಯಿತು.

ಪಕ್ಕದ ಮನೆಯ ಭಾವ ತಮ್ಮ ಪೆಟ್ರೋಲ್ ಜನರೇಟರ್ ಕೊಡುತ್ತೇನೆ ಅಂದರು. ಅದು 2.5 ಕೆವಿಎ. ಕೆವಿಎ ಅಂದರೆ ಗೋಡೆಯ ವೋಲ್ಟನ್ನೂ ಎಳೆಯುವ ಆಂಪನ್ನೂ ಗುಣಿಸಿ ಸಾವಿರದಿಂದ ಭಾಗಿಸಿದ್ದು. ನನ್ನ ಲೆಕ್ಕದಲ್ಲಿ 80 ಆಂಪಿಗೇ 3 ಕೆವಿಎ ದಾಟುತ್ತದೆ. ಅವರ ಜನರೇಟರ್ ಸುಡುವುದು ಬೇಡ ಅಂತ ಬಿಟ್ಟೆ.

ಗೇಟಿನ ಹತ್ತಿರ ಕರೆಂಟ್ ಒಯ್ಯುವುದು ಇನ್ನೊಂದು ಲೆಕ್ಕ. 50 ಮೀಟರ್ ದೂರ, ಹೋಗಿ ಬರುವ ದಾರಿ ಸೇರಿ 100 ಮೀಟರ್ ತಾಮ್ರ. ಒಂದೂವರೆ ಸ್ಕ್ವೇರಿನ ವೈರ್ ಎಳೆದರೆ ದಾರಿಯಲ್ಲೇ 17 ವೋಲ್ಟ್ ಹೋಗುತ್ತದೆ. ಎರಡೂವರೆಯಾದರೆ 10. ಎರಡೂವರೆಯ ಮೂರು ಕೋರಿನ ವೈರ್ ತಗೊಂಡೆ. ಅದಕ್ಕೇ 6,200 ರೂಪಾಯಿ ಆಯಿತು. ಮೀಟರ್ ಬೋರ್ಡಿನಿಂದ ಜಗಲಿಗೆ 4 ಸ್ಕ್ವೇರ್ ವೈರ್, ಕ್ಷಣಕಾಲ ಕರೆಂಟ್ ಏರಿದರೆ ಬೀಳದ ಸಿ ಕರ್ವ್ ಎಂಸಿಬಿ, ಕಬ್ಬಿಣದ ಡಬ್ಬದ ಸಾಕೆಟ್, ಅರ್ಥಿಂಗ್ ಕೂಲಿ ಎಲ್ಲ ಸೇರಿ ಇನ್ನೊಂದು 5,000. ಮೆಷಿನ್ ತರುವ ಮೊದಲೇ ಹನ್ನೊಂದು ಸಾವಿರ ಖರ್ಚು. ಬೇಸರ ಅನಿಸಲಿಲ್ಲ. ಕಂದು ತಿರುಗಿದ ಆ ವೈರಿನ ತುಂಡನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ಮೇ ತಿಂಗಳ ರಜೆಯಲ್ಲಿ ಪೇಟೆಯ ಮೇಸ್ತ್ರಿ ಹತ್ತಿರ ಹೋದೆ. "ಮೆಷಿನ್ ತಗೊಳ್ಳೋ ಮೊದ್ಲು ಒಂದೆರಡು ದಿನ ನಿಮ್ಮಲ್ಲಿ ಕೈ ನೋಡ್ಬಹುದಾ?" ಅಂತ ಕೇಳಿದೆ. ಅವರು ಖುಷಿಯಿಂದ ಒಪ್ಪಿದರು. "ರಾಡ್ ನಿಮ್ದು, ಚೂರು ಕಬ್ಬಿಣ ನಮ್ದು. ಭಾನುವಾರ ಬನ್ನಿ ಮೇಷ್ಟ್ರೇ" ಅಂದರು. ಮೂರು ಭಾನುವಾರ ಹೋದೆ. ಅವರ ಹತ್ತಿರ ಎರಡು ಇನ್ವರ್ಟರ್ ಮೆಷಿನ್ ಇದ್ದವು, ಎರಡರಲ್ಲೂ ಮಾಡಿಸಿದರು. ಈ ಮೂರು ದಿನ ಕೊಟ್ಟ ತಿಳಿವಳಿಕೆ ಯಾವ ಅಂಗಡಿಯವರೂ ಕೊಡಲಾರರು. ಹೊಸದಾಗಿ ಮೆಷಿನ್ ತಗೊಳ್ಳುವವರು ಹೇಗಾದರೂ ಮಾಡಿ ಇಂಥ ಅವಕಾಶ ಹುಡುಕಿಕೊಳ್ಳಿ.

ಮೊದಲ ಹತ್ತು ರಾಡ್ ಅಂಟಿಕೊಳ್ಳುವುದರಲ್ಲೇ ಹೋಯಿತು. ಬೆಂಕಿಕಡ್ಡಿ ಗೀರಿದ ಹಾಗೆ ಗೀರಬೇಕು, ತಾಗಿದ ಕೂಡಲೇ ರಾಡಿನ ದಪ್ಪದಷ್ಟೇ ಮೇಲೆತ್ತಬೇಕು. ನಾನು ಎತ್ತುವಾಗ ತಡ ಮಾಡುತ್ತಿದ್ದೆ. ಹಳೇ ಮೆಷಿನ್ನಿನಲ್ಲಿ ಅಂಟಿದರೆ ರಾಡು ಕೆಂಪಗೆ ಕಾದುಬಿಡುತ್ತದೆ. ಇನ್ವರ್ಟರಿನಲ್ಲಿ ಆಂಟಿ ಸ್ಟಿಕ್ ಅಂತ ಇರುತ್ತದೆ, ಅಂಟಿದ್ದು ಗೊತ್ತಾದ ಕೂಡಲೇ ಕರೆಂಟ್ ಇಳಿಸುತ್ತದೆ. ರಾಡು ಅಲ್ಲಾಡಿಸಿ ಕಿತ್ತರಾಯಿತು. ಹಾಟ್ ಸ್ಟಾರ್ಟ್ ಎಂದರೆ ಗೀರಿದ ಮೊದಲ ಕ್ಷಣ ಸ್ವಲ್ಪ ಜಾಸ್ತಿ ಕರೆಂಟ್ ಕೊಟ್ಟು ಆರ್ಕ್ ಹೊತ್ತಿಸುವುದು. ಆರ್ಕ್ ಫೋರ್ಸ್ ಎಂದರೆ ರಾಡ್ ತೀರಾ ಹತ್ತಿರ ಹೋದಾಗ ಕರೆಂಟ್ ಏರಿಸಿ ಅಂಟದ ಹಾಗೆ ನೋಡಿಕೊಳ್ಳುವುದು. ಪೆಟ್ಟಿಗೆಯ ಮೇಲೆ ಓದುವಾಗ ಇವೆಲ್ಲ ಸುಮ್ನೆ ಮಾರಾಟದ ಮಾತು ಅನಿಸಿತ್ತು. ಕಲಿಯುವವನ ಕೈಗೆ ಈ ಮೂರೂ ದೊಡ್ಡ ಉಪಕಾರ.

ಎರಡನೇ ಭಾನುವಾರ ಮಧ್ಯಾಹ್ನ ಒಮ್ಮೆ ಎಲ್ಲ ಕೂಡಿ ಬಂತು. ಕಪ್ಪು ಗಾಜಿನ ಒಳಗಿಂದ ನೋಡಿದರೆ ಸುತ್ತಲೂ ಹಸಿರುಗತ್ತಲೆ. ನಡುವೆ ಬಟಾಣಿಯಷ್ಟು ಕರಗಿದ ಕಬ್ಬಿಣ ಕನ್ನಡಿಯ ಹಾಗೆ ಹೊಳೆಯುತ್ತಾ ನಡುಗುತ್ತಿತ್ತು. ಅದರ ಹಿಂದೆ ಕಿತ್ತಳೆ ಬಣ್ಣದ ಸ್ಲ್ಯಾಗ್, ಕುದಿಯುವ ಬೆಲ್ಲದ ನೊರೆಯ ಹಾಗೆ ನಿಧಾನವಾಗಿ ಹಿಂದೆ ಸರಿಯುತ್ತಿತ್ತು. ಸದ್ದು ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಂತೆ, ಒಂದೇ ಸಮ. "ಸ್ಲ್ಯಾಗ್ ನೋಡ್ಬೇಡಿ, ಮುಂದಿನ ನೀರು ನೋಡಿ. ನೀರು ಎರಡೂ ಬದಿ ಕಚ್ಚಿದ ಮೇಲೆ ಮುಂದೆ ಹೋಗಿ" ಎಂದು ಮೇಸ್ತ್ರಿ ಪಕ್ಕದಿಂದ ಹೇಳುತ್ತಿದ್ದರು. ನೀರು ಅಂದರೆ ಅವರ ಮಾತಿನಲ್ಲಿ ಕರಗಿದ ಕಬ್ಬಿಣ. ತಣ್ಣಗಾದ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಸ್ಲ್ಯಾಗ್ ಒಂದೇ ಉದ್ದಕ್ಕೆ ಎದ್ದುಬಂತು. ಅಡಿಯಲ್ಲಿ ಮೀನಿನ ಹುರುಪೆಯಂಥ ಗೆರೆಗಳು. ಎರಡು ಇಂಚು ಉದ್ದ ಅಷ್ಟೆ. ಆ ತುಂಡನ್ನು ಮನೆಗೆ ತಂದು ಅಮ್ಮನಿಗೆ ತೋರಿಸಿದೆ.

ಆವತ್ತೇ ಒಂದು ತಪ್ಪೂ ಆಯಿತು. ಮೇಸ್ತ್ರಿ ಬೇರೆ ಗ್ರಾಹಕರ ಕೆಲಸ ಮಾಡುತ್ತಿದ್ದಾಗ ನಾನು ಮುಖಕ್ಕೆ ಹಿಡಿಯುವ ಕಪ್ಪು ಗಾಜಿನ ಶೀಲ್ಡ್ ಕೆಳಗಿಟ್ಟು ಹತ್ತಿರದಲ್ಲೇ ನಿಂತಿದ್ದೆ. ನೇರವಾಗಿ ನೋಡಲಿಲ್ಲ, ಆದರೆ ಬದಿಯಿಂದ ಬೆಳಕು ಬೀಳುತ್ತಲೇ ಇತ್ತು. ಆಗ ಏನೂ ಅನಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎರಡೂ ಕಣ್ಣಿಗೆ ಮರಳು ತುಂಬಿದ ಹಾಗೆ. ರೆಪ್ಪೆ ಬಿಡಲು ಆಗದು, ನೀರು ಸುರಿಯುತ್ತದೆ, ಲೈಟ್ ಹಾಕಿದರೆ ಚುಚ್ಚುತ್ತದೆ. ಅಮ್ಮ ಆಲೂಗಡ್ಡೆ ಹೋಳು ಇಡೋಣ ಅಂದರು. ಬೇಡ ಅಂತ ತಣ್ಣೀರಿನ ಬಟ್ಟೆ ಮಾತ್ರ ಇಟ್ಟುಕೊಂಡು ಬೆಳಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಆರ್ಕಿನ ಅತಿನೇರಳೆ ಬೆಳಕಿಗೆ ಕಾರ್ನಿಯಾದ ಮೇಲ್ಪದರ ಸುಟ್ಟಿದೆ ಅಂದರು. ನೋವು ಕಾಣಿಸುವುದು ಕೆಲವು ಗಂಟೆ ಕಳೆದ ಮೇಲೆ. ಅದಕ್ಕೇ ಆಗಲೇ ಗೊತ್ತಾಗುವುದಿಲ್ಲ. ಡ್ರಾಪ್ಸ್ ಹಾಕಿ ಎರಡು ದಿನ ಕತ್ತಲೆ ಕೋಣೆಯಲ್ಲಿದ್ದೆ, ವಾಸಿಯಾಯಿತು. ಕಣ್ಣಿಗೆ ಮನೆಮದ್ದು ಏನನ್ನೂ ಹಾಕಬೇಡಿ, ದಯವಿಟ್ಟು. ಮತ್ತೆ, ಮಾಡುವವರಿಗೆ ಮಾತ್ರ ಅಲ್ಲ, ನೋಡುತ್ತಾ ನಿಂತವರಿಗೂ ಶೀಲ್ಡ್ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಕೆಲಸದ ಸುತ್ತ ತಗಡೋ ದಪ್ಪ ಟಾರ್ಪಾಲೋ ಅಡ್ಡ ಕಟ್ಟಲೇಬೇಕು.

ಹಾಗಾಗಿ ನಾನು ಮೊದಲು ಖರೀದಿಸಿದ್ದು ಮೆಷಿನ್ನಿಗಿಂತ ಮುಂಚೆ ಹೆಲ್ಮೆಟ್. ತಾನೇ ಕಪ್ಪಾಗುವಂಥದ್ದು, 1,650 ರೂಪಾಯಿ. ಆರ್ಕ್ ಹೊತ್ತಿದ ತಕ್ಷಣ ಗಾಜು ಕಪ್ಪಾಗುತ್ತದೆ. ಹೊತ್ತುವ ಮೊದಲು ರಾಡಿನ ತುದಿ ಎಲ್ಲಿದೆ ಅಂತ ಕಾಣುತ್ತದೆ, ಎರಡೂ ಕೈ ಖಾಲಿ ಇರುತ್ತದೆ. ಕಲಿಯುವವನಿಗೆ ಇದರಿಂದ ಅರ್ಧ ಕಷ್ಟ ಕಡಿಮೆ. ಗಾಜು ಎಷ್ಟು ಕಪ್ಪಾಗಬೇಕು ಎಂಬ ನಂಬರನ್ನು 9ರಿಂದ 13ರವರೆಗೆ ತಿರುಗಿಸಬಹುದು. 80 ಆಂಪಿಗೆ ನಾನು 10 ಇಡುತ್ತೇನೆ. ಜೊತೆಗೆ ಚರ್ಮದ ಕೈಗವಸು, ಹತ್ತಿಯ ತುಂಬುತೋಳಿನ ಅಂಗಿ. ಟೆರಿಕಾಟ್ ಬಟ್ಟೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಜೂನ್ ಮೊದಲ ಶನಿವಾರ ಶಿವಮೊಗ್ಗಕ್ಕೆ ಹೋದೆ. 70 ಕಿ.ಮೀ. ದಾರಿ, ಮಳೆ ಆಗಲೇ ಹಿಡಿದಿತ್ತು. ಅಂಗಡಿಯಲ್ಲಿ ಮೂರು ಮೆಷಿನ್ ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಮೂರರ ಮೇಲೂ 200 ಅಂತಲೇ ಇತ್ತು. ಮೊದಲನೆಯದು 5,500 ರೂಪಾಯಿ, ಹಗುರ, ಚಂದದ ಡಿಸ್‌ಪ್ಲೇ. ತಿರುಗಿಸಿ ಹಿಂಬದಿ ನೋಡಿದೆ. ಅಲ್ಲಿ ಹೆಸರು, 200 ಆಂಪ್, 230 ವೋಲ್ಟ್ ಅಷ್ಟೆ. ಎರಡನೆಯದಕ್ಕೆ 8,400. ಅದರ ಹಿಂದೆ ಪೂರ್ತಿ ಪ್ಲೇಟ್ ಇತ್ತು: ಶೇ. 60ಕ್ಕೆ 200 ಆಂಪ್, ಶೇ. 100ಕ್ಕೆ 155 ಆಂಪ್, ಗೋಡೆಯಿಂದ ಎಷ್ಟು ಆಂಪ್ ಎಳೆಯುತ್ತದೆ, ರಾಡ್ ತಾಗಿಸದೆ ಇದ್ದಾಗ ತುದಿಯಲ್ಲಿ ಎಷ್ಟು ವೋಲ್ಟ್, ಎಲ್ಲ.

ಈ ಶೇಕಡಾ ಲೆಕ್ಕಕ್ಕೆ ಡ್ಯೂಟಿ ಸೈಕಲ್ ಅನ್ನುತ್ತಾರೆ. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಬಿಡದೆ ಬೆಸೆಯಬಹುದು ಎಂಬುದು. ಶೇ. 60 ಅಂದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಅದೂ 40 ಡಿಗ್ರಿ ಸೆಕೆಯಲ್ಲಿ. ಮನೆಕೆಲಸದಲ್ಲಿ ಒಂದು ರಾಡ್ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಸ್ಲ್ಯಾಗ್ ತಟ್ಟಬೇಕು, ಬ್ರಷ್ ಹಾಕಬೇಕು, ಹೊಸ ರಾಡ್ ಸಿಕ್ಕಿಸಬೇಕು. ನಾವು ಆ ಮಿತಿ ಮುಟ್ಟುವುದೇ ಅಪರೂಪ. ಆದರೂ ಆ ಪ್ಲೇಟ್ ಮುಖ್ಯ. 200ರ ವರ್ಗ ಗುಣಿಸು 0.6, ಅದರ ವರ್ಗಮೂಲ ತೆಗೆದರೆ 155 ಬರುತ್ತದೆ. ಪ್ಲೇಟಿನ ಸಂಖ್ಯೆ ಲೆಕ್ಕಕ್ಕೆ ತಾಳೆಯಾಯಿತು. ಮಾಡಿದವರು ಅಳೆದು ಬರೆದಿದ್ದಾರೆ ಅಂತ ನನಗೆ ಧೈರ್ಯ ಬಂತು.

ಮೂರನೆಯದು 16,000. ಒಳ್ಳೆಯ ಮೆಷಿನ್, ಸಂಶಯ ಇಲ್ಲ. ದಿನಾ ಎಂಟು ಗಂಟೆ ಮಾಡುವವರಿಗೆ ಸರಿ. ಅಂಗಡಿಯವರು ಒಳಗಿನ ಎಲೆಕ್ಟ್ರಾನಿಕ್ ಬಿಡಿಭಾಗ ಮಾಸ್‌ಫೆಟ್ಟೋ ಐಜಿಬಿಟಿಯೋ ಅಂತ ಬಹಳ ಹೊತ್ತು ವಿವರಿಸಿದರು. ಆ ವಿಷಯಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಬದಲಿಗೆ ಎರಡು ಪ್ರಶ್ನೆ ಕೇಳಿದೆ. ಎಷ್ಟು ವೋಲ್ಟಿನವರೆಗೆ ನಡೆಯುತ್ತದೆ? ಕೆಟ್ಟರೆ ಎಲ್ಲಿ ರಿಪೇರಿ? ಎರಡನೆಯದು 160 ವೋಲ್ಟಿನವರೆಗೂ ನಡೆಯುತ್ತದೆ ಅಂತ ಅದರ ಪುಸ್ತಕದಲ್ಲೇ ಇತ್ತು. ರಿಪೇರಿ ಶಿವಮೊಗ್ಗದಲ್ಲೇ, ಆ ಅಂಗಡಿಯ ಹಿಂದಿನ ಬೀದಿಯಲ್ಲಿ. ಮೊದಲನೆಯದಕ್ಕಾದರೆ ಕೊರಿಯರ್ ಮಾಡಿ ಕಾಯಬೇಕಿತ್ತು. 8,400 ಕೊಟ್ಟು ಎರಡನೆಯದನ್ನು ತಗೊಂಡೆ. ಜೊತೆಗೆ ಬಂದ ಕೇಬಲ್ ಎರಡು ಮೀಟರ್ ಇತ್ತು, ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪ್ ತಗಡಿನದ್ದು. ಅಲ್ಲೇ ಹಿತ್ತಾಳೆಯ ಕ್ಲಾಂಪ್ ಮತ್ತು ಐದು ಮೀಟರ್ ತಾಮ್ರದ ಕೇಬಲ್ ಬೇರೆಯಾಗಿ ತಗೊಂಡೆ. ನಾಲ್ಕಿಂಚಿನ ಗ್ರೈಂಡರ್, ಕಟಿಂಗ್ ವೀಲ್, ಎರಡು ಪ್ಯಾಕೆಟ್ 6013 ನಂಬರಿನ ರಾಡ್. 7018 ನಂಬರಿನ ರಾಡ್ ಗಟ್ಟಿಯಾದ ಬೆಸುಗೆ ಕೊಡುತ್ತದೆ, ಆದರೆ ಅದನ್ನು ಬಳಸುವ ಮೊದಲು 300 ಡಿಗ್ರಿಗೂ ಮೇಲೆ ಕಾಯಿಸಿ ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಮನೆಯಲ್ಲಿ ಅದು ಆಗದು.

6013 ಕೂಡ ತೇವ ಹಿಡಿಯುತ್ತದೆ. ಜುಲೈನಲ್ಲಿ ಒಂದು ಪ್ಯಾಕೆಟ್ ತೆರೆದಿಟ್ಟಿದ್ದೆ. ವಾರದಲ್ಲಿ ಲೇಪ ಮೆತ್ತಗಾಗಿ, ಬೆಸೆಯುವಾಗ ಚಟಚಟ ಸಿಡಿಯತೊಡಗಿತು, ಬೆಸುಗೆಯ ತುಂಬಾ ಸೂಜಿ ತೂತು. ಈಗ ಅಜ್ಜನ ಕಾಲದ ಕಬ್ಬಿಣದ ಟ್ರಂಕಿನೊಳಗೆ ಒಂದು 60 ವ್ಯಾಟಿನ ಬಲ್ಬ್ ಉರಿಸಿ ರಾಡುಗಳನ್ನು ಅದರಲ್ಲೇ ಇಡುತ್ತೇನೆ. ಇದೂ ಮೇಸ್ತ್ರಿ ಹೇಳಿಕೊಟ್ಟಿದ್ದು. ಮೆಷಿನ್ನನ್ನೂ ಮುಚ್ಚಳದ ಡಬ್ಬದಲ್ಲಿ ಇಡುತ್ತೇನೆ. ನಮ್ಮ ಕಡೆ ಹಲ್ಲಿ, ಇರುವೆ ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಹೋಗುತ್ತವೆ.

ಇನ್ನು ಗೇಟಿನ ಕೆಲಸ. ಜೂನ್ ಮೂರನೇ ಭಾನುವಾರ ಮಳೆ ಹೊಳವಾಗಿತ್ತು. ಬೆಳಗ್ಗೆ ಏಳಕ್ಕೇ ಮೀಟರ್ ನೋಡಿದೆ, 224. ವೈರ್ ಸುರುಳಿಯನ್ನು ಪೂರ್ತಿ ಬಿಚ್ಚಿ ನೆಲಕ್ಕೆ ಹಾಸಿದೆ. ಸುತ್ತಿಕೊಂಡೇ ಇದ್ದರೆ ಒಳಗೊಳಗೇ ಕಾಯುತ್ತದೆ. ಕೆಳಗೆ ಬಿದ್ದಿದ್ದ ಒಣ ಸೋಗೆ, ಹಾಳೆ ಎಲ್ಲ ಹತ್ತು ಅಡಿ ದೂರ ಎಳೆದು ಹಾಕಿ, ಎರಡು ಗೋಣಿಚೀಲ ನೆನೆಸಿ, ಒಂದು ಕೊಡ ನೀರು ಇಟ್ಟುಕೊಂಡೆ. ಮೆಷಿನ್ನನ್ನು ಹಲಗೆಯ ಮೇಲಿಟ್ಟು, ಒದ್ದೆ ನೆಲದ ಮೇಲೆ ನಾನೂ ಒಣ ಹಲಗೆ ಹಾಕಿ ನಿಂತೆ. ರಬ್ಬರ್ ಅಡಿಯ ಬೂಟು ಹಾಕಿದ್ದೆ. ಕೀಲು ಹಚ್ಚಿದೆ, ಸ್ಲ್ಯಾಗ್ ತಟ್ಟಿದೆ, ಮೇಲಿಂದ ನೋಡಲು ಚೆನ್ನಾಗಿಯೇ ಇತ್ತು. ಅಮ್ಮ ಬಂದು ಗೇಟನ್ನು ಎರಡು ಸಲ ತೆಗೆದು ಹಾಕಿ ನೋಡಿದರು.

ಒಂದು ವಾರ ಬಿಟ್ಟು ಸುತ್ತಿಗೆಯಿಂದ ಕೀಲಿಗೆ ಒಂದು ಹೊಡೆದು ಪರೀಕ್ಷೆ ಮಾಡಿದೆ. ಕೂದಲಿನಂಥ ಬಿರುಕು ಕಾಣಿಸಿತು. ಗ್ರೈಂಡರ್ ಹಾಕಿ ಬೆಸುಗೆಯನ್ನು ಕೊಯ್ದು ನೋಡಿದೆ. ಮೇಲೆ ಎರಡು ಮಿ.ಮೀ. ಕಬ್ಬಿಣ, ಅದರ ಅಡಿಯಲ್ಲಿ ಕಪ್ಪು ಸ್ಲ್ಯಾಗಿನ ಗೆರೆ, ಅದಕ್ಕಿಂತ ಕೆಳಗೆ ಹಳೇ ತುಕ್ಕು ಹಾಗೇ ಇತ್ತು. ತಪ್ಪು ಎರಡು. ಹಳೇ ಬೆಸುಗೆಯನ್ನು ಪೂರ್ತಿ ಉಜ್ಜಿ ತೆಗೆದಿರಲಿಲ್ಲ. ತೂತು ಬಿದ್ದೀತು ಅಂತ ಹೆದರಿ 65 ಆಂಪಿಗೇ ಇಟ್ಟಿದ್ದೆ. 6 ಮಿ.ಮೀ. ಪಟ್ಟಿಗೆ ಅದು ಸಾಲದು. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಉಜ್ಜಿದೆ. ಅಂಚನ್ನು ಓರೆಯಾಗಿ ಕೊರೆದು, 85 ಆಂಪ್ ಇಟ್ಟು, ಮೊದಲು ನಾಲ್ಕು ಟ್ಯಾಕ್, ಅಂದರೆ ಹಿಡಿದು ನಿಲ್ಲಿಸುವ ಸಣ್ಣ ಚುಕ್ಕೆ ಬೆಸುಗೆ, ಹಾಕಿ, ಆಮೇಲೆ ಮೂರು ಸಾಲು ಎಳೆದೆ. ಪ್ರತಿ ಸಾಲಿನ ನಂತರ ಸ್ಲ್ಯಾಗ್ ಪೂರ್ತಿ ತೆಗೆದು ಬ್ರಷ್ ಹಾಕಿದೆ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂತಿದ್ದೆ, ಎಲ್ಲಾದರೂ ಕಿಡಿ ಉಳಿದಿದೆಯಾ ಅಂತ.

ತೆಳು ಸ್ಕ್ವೇರ್ ಪೈಪಿನ ಕೆಲಸ ಇನ್ನೂ ಕಲಿಯುತ್ತಿದ್ದೇನೆ. 18 ಗೇಜ್ ಅಂದರೆ 1.2 ಮಿ.ಮೀ., ಒಂದು ಕ್ಷಣ ತಡವಾದರೆ ತೂತು. 2 ಮಿ.ಮೀ. ರಾಡ್, 50 ಆಂಪ್, ರಾಡ್ ಹಿಡಿಯುವ ಹೋಲ್ಡರನ್ನು ಮೆಷಿನ್ನಿನ ಮೈನಸ್ಸಿಗೆ ಬದಲಾಯಿಸಿ, ಒಂದೊಂದೇ ಚುಕ್ಕೆ ಇಡುತ್ತಾ ಹೋದರೆ ನಿಲ್ಲುತ್ತದೆ. ಹೊಸಬರು ಇದಕ್ಕಿಂತ ದಪ್ಪದ 14 ಗೇಜಿನ ಪೈಪಿನಿಂದ ಶುರುಮಾಡಿ, ಕೈಗೆ ಧೈರ್ಯ ಬರುತ್ತದೆ. ಜಿಐ ಪೈಪಾದರೆ ಬೆಸೆಯುವ ಜಾಗದ ಸತುವಿನ ಪದರ ಉಜ್ಜಿ ತೆಗೆಯಿರಿ, ಗಾಳಿಗೆ ಬೆನ್ನು ಕೊಡದೆ, ಅದು ಬದಿಯಿಂದ ಬೀಸುವ ಹಾಗೆ ನಿಲ್ಲಿ. ಆ ಬಿಳೀ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಈಗ ಅಡಿಕೆ ಕೊಯ್ಲು ನಡೆಯುತ್ತಿದೆ. ಪಿಕಪ್ ದಿನಕ್ಕೆ ನಾಲ್ಕು ಸಲ ಆ ಗೇಟು ದಾಟುತ್ತದೆ. ಮೇಲಿನ ಕೀಲು ಅಲ್ಲಾಡಿಲ್ಲ. ಮೊನ್ನೆ ಪಕ್ಕದ ಮನೆಯ ಭಾವ ಒಂದು ಮುರಿದ ಗುದ್ದಲಿ ಹಿಡಿದು ಬಂದು, "ಇದಕ್ಕೂ ಒಂದು ರಾಡ್ ಹಚ್ಚಿ ಕೊಡು ಮಾರಾಯ" ಅಂದರು. ಜಗಲಿಯ ಮೇಲೆ ಇಟ್ಟುಕೊಂಡಿದ್ದೇನೆ. ಭಾನುವಾರ ಬೆಳಗ್ಗೆ, ವೋಲ್ಟೇಜ್ ಚೆನ್ನಾಗಿರುವಾಗ ಹಚ್ಚಬೇಕು.